ಮೇಜಿಗೇರಿದ ಮಣೆ

“ಇವರ ಮಣೆ ಎಲ್ಲಿ?”

ಶೀಲಾವತಿಯವರ ಕೈಯಲ್ಲಿದ್ದ ಚೀಲ ಇನ್ನೂ ನೆಲ ಮುಟ್ಟಿರಲಿಲ್ಲ. ವಿಲೆ ಪಾರ್ಲೆಯಲ್ಲಿರುವ ಮಗಳು ನಿಶಾಳ ಮನೆಯಲ್ಲಿ ಕೆಲವು ದಿನ ಇದ್ದು ಆಗಷ್ಟೇ ಮರಳಿದ್ದರು. ಒದ್ದೆ ಕೊಡೆಯನ್ನು ಬಾಗಿಲ ಹಿಂದೆ ಇಡಲು ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಟ್ಟರು. ತೀರಿಹೋದ ಗಂಡ ದೂಜಣ್ಣನವರ ಹಲಸಿನ ಮರದ ಮಣೆ ಅಲ್ಲಿ ಗೋಡೆಗೆ ಒರಗಿಕೊಂಡು ಇರುತ್ತಿತ್ತು. ಈಗ ಅಲ್ಲಿ ಬರೀ ಗೋಡೆ, ಅದಕ್ಕೂ ಹೊಸ ಬಣ್ಣ!

“ಅಜ್ಜೀ, ಇಧರ್ ದೇಖೋ ನಾ!” ಮೊಮ್ಮಗಳು ಶ್ರಾವ್ಯಾ ಕುಣಿಯುತ್ತ ಅವರ ಸೆರಗು ಹಿಡಿದೆಳೆದಳು. “ನಮ್ಮದು ಡೈನಿಂಗ್ ರೂಮ್ ಆಯ್ತು! ಮಮ್ಮಿ ಎಲ್ಲಾ ಮಾಡಿದ್ದು!”

ಶೀಲಾವತಿ ತಿರುಗಿ ನೋಡಿದರು. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಮೂಲೆಯಿತ್ತು. ಕುರ್ಲಾದಲ್ಲಿ ಅವರಿದ್ದ ಒಂಟಿಕೋಣೆಗಳ ಹಳೆಯ ಚಾಳ್ ಕೆಡವಿ ಈ ಬಿಲ್ಡಿಂಗ್ ಎದ್ದಾಗ ನಕ್ಷೆಯಲ್ಲಿ ಅದಕ್ಕೆ ಊಟದ ಜಾಗ ಎಂದು ಹೆಸರಿತ್ತಷ್ಟೆ. ಇಷ್ಟು ವರ್ಷ ಅಲ್ಲಿ ಚಪ್ಪಲಿ ಸ್ಟ್ಯಾಂಡ್, ಅಕ್ಕಿ ಡಬ್ಬ, ಕೆಟ್ಟ ಫ್ಯಾನು, ಶ್ರಾವ್ಯಾಳ ಮುರಿದ ಸೈಕಲ್ಲು ಬಿದ್ದಿದ್ದವು. ಈಗ ಅವೊಂದೂ ಇಲ್ಲ! ಗೋಡೆಗೆ ಬೆಣ್ಣೆಯಂಥ ತಿಳಿಹಳದಿ ಬಣ್ಣ. ದಾದರ್ ಮಾರ್ಕೆಟ್ಟಿನಿಂದ ತಂದ ಬೆತ್ತದ ಬುಟ್ಟಿಯನ್ನು ಬೋರಲು ಹಾಕಿ, ಅದರೊಳಗೆ ಬಲ್ಬು ಇಳಿಬಿಟ್ಟಿದ್ದಳು ಸೊಸೆ ರಂಜನಾ. ಬೆತ್ತದ ಸಂದಿಯಿಂದ ಬೆಳಕು ಜರಡಿ ಹಿಡಿದಂತೆ ಸುರಿಯುತ್ತಿತ್ತು. ಗೋಡೆಗೆ ತಾಗಿ ಉದ್ದನೆಯ ಕಿರಿದಾದ ಮೇಜು, ಅದರ ಹೊಟ್ಟೆಯೊಳಗೆ ಸರಿದು ಕೂರುವ ನಾಲ್ಕು ಸ್ಟೂಲು. ಮೇಜಿನ ಮೇಲ್ಭಾಗದ ಗೋಡೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಕನ್ನಡಿ. ಆ ಕನ್ನಡಿಯಿಂದಾಗಿ ಮೂಲೆ ಮೂಲೆಯಾಗಿರದೆ, ಗೋಡೆಯ ಆಚೆಗೂ ಒಂದು ಮನೆ ಇದ್ದ ಹಾಗೆ ಕಾಣುತ್ತಿತ್ತು. ನಿತ್ಯ ನೋಡುವ ಮಗ ಪ್ರೀತಮ್ ಕೂಡ ಹಿಂದಿನ ಸಂಜೆ ಕೆಲಸದಿಂದ ಬಂದವನು ಬೇರೆಯವರ ಮನೆಗೆ ಹೊಕ್ಕೆನೇನೋ ಎಂದು ಹೊಸ್ತಿಲಲ್ಲೇ ಬೆರಗಾಗಿ ನಿಂತಿದ್ದ.

ಆದರೆ ಶೀಲಾವತಿಯವರ ಕಣ್ಣು ಬಿದ್ದದ್ದು ಮೇಜಿನ ನಡುವೆ. ಹೊಸ ಹಲಗೆಗಳ ಮಧ್ಯೆ ಜೇನುಬಣ್ಣದ ಹಳೆಯ ಮರದ ತುಂಡೊಂದು ಕೂಡಿಕೊಂಡಿತ್ತು. ಅದೇ ನಾರು... ಅದೇ ಗಂಟು... ಎಡ ಅಂಚಿನಲ್ಲಿ ತೆಂಗಿನಕಾಯಿ ಒಡೆಯಲು ಹೋಗಿ ಆದ ಅದೇ ಕಚ್ಚು!

“ಅಯ್ಯೋ ದೇವರೇ!” ಚೀಲ ಕೆಳಗೆ ಬಿತ್ತು. “ಇವರ ಮಣೆಗೆ ಮೊಳೆ ಹೊಡೆಸಿದ್ದಾ ನೀನು?”

ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದ ರಂಜನಾಳ ಮುಖದ ನಗು ಅಲ್ಲೇ ಒಣಗಿತು.

“ಮೊಳಿ ಹೊಡಿಸಿಲ್ರೀ ಅತ್ತಿ... ಅಂಟು ಹಾಕಿ ಕೂಡ್ಸ್ಯಾರ. ಮಾವ್ನೋರು ಕುಂತ ಮಣಿ ಬಾಗಲ ಹಿಂದ ಛತ್ರಿ ಸಂಗಾಟ ನಿಂತಿತ್ತು. ದೊಡ್ಡೋರ ಸಾಮಾನು ಕೆಳಗ ಇರಬಾರದು, ಎಲ್ಲಾರ ನಡುವ ಮ್ಯಾಲ ಇರ್ಲಿ ಅಂತ...”

“ಮೇಲೆ! ಅದು ಸತ್ತವರ ಮಣೆ, ಗೊತ್ತುಂಟಾ ನಿಂಗೆ? ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ನೆಲದಲ್ಲಿ ಇಡ್ಲಿಕ್ಕೆ ಇರುವ ಮಣೆ! ಅದರಲ್ಲಿ ಇವರು ಬಂದು ಕೂತ್ಕೊಳ್ಬೇಕು. ಅದರ ಮೇಲೆ ನೀವು ಬಟ್ಟಲಿಟ್ಟು ಮ್ಯಾಗಿ ತಿನ್ನುದಾ? ಜೋಳದ ರೊಟ್ಟಿ ತಟ್ಟುವ ಮನೆಯಿಂದ ಬಂದವಳಿಗೆ ನಮ್ಮ ಕ್ರಮ ಎಲ್ಲಿ ಗೊತ್ತಾಗ್ಬೇಕು!” ಅವರ ನೋಟ ಕನ್ನಡಿಗೆ ಹೋಯಿತು. “ಅದೊಂದು ಕನ್ನಡಿ ಬೇರೆ! ಊಟ ಮಾಡ್ಲಿಕ್ಕಾ, ಗಡ್ಡ ತೆಗೀಲಿಕ್ಕಾ? ಇದೆಂತ ಸೆಲೂನಾ?”

“ಅಮ್ಮಾ, ಸ್ವಲ್ಪ ಕೇಳು ಮಾರಾಯ್ತಿ...” ಎಂದ ಪ್ರೀತಮ್.

“ನೀನು ಮಾತಾಡ್ಬೇಡ! ಹೆಂಡತಿ ನಿನ್ನ ಅಪ್ಪನನ್ನು ಹಲಗೆ ಮಾಡಿದ್ರೂ ನೋಡ್ತಾ ಕೂತವ ನೀನು!”

ಅತ್ತೆ ಆಡಿದ ಮಾತು ರಂಜನಾಳ ಎದೆಗೆ ಹೊಕ್ಕಿತು. ಅವಳ ಆಸೆ ದೊಡ್ಡದೇನಾಗಿರಲಿಲ್ಲ. ಅಪ್ಪ ನಿಂಗಣ್ಣ ವಿಜಯಪುರದ ಕಡೆಯಿಂದ ಬಂದು ಮುಂಬೈ ತುಂಬ ಬಿಲ್ಡಿಂಗು ಕಟ್ಟಿದ ಕೂಲಿಯವನು. ಎಷ್ಟೋ ಮನೆಗಳ ಊಟದ ಕೋಣೆಗೆ ಇಟ್ಟಿಗೆ ಹೊತ್ತಿದ್ದ. ಉಣ್ಣುತ್ತಿದ್ದದ್ದು ಮಾತ್ರ ಉಸುಕಿನ ರಾಶಿಯ ಪಕ್ಕ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ಹಾಗೆಯೇ ಒಂದು ದಿನ ಕೆಲಸದ ಜಾಗದಲ್ಲೇ ಬಿದ್ದು ತೀರಿಹೋದ. ಅದನ್ನೆಲ್ಲ ಅವಳು ಅತ್ತೆಗೂ ಒಮ್ಮೆ ಹೇಳಿದ್ದಳು. ಮದುವೆಯಾಗಿ ಬಂದ ಈ ಮನೆಯಲ್ಲೂ ಪ್ರೀತಮ್ ಟಿವಿ ಮುಂದೆ, ಶ್ರಾವ್ಯಾ ಹಾಸಿಗೆಯ ಮೇಲೆ, ರಂಜನಾ ಒಲೆಯ ಪಕ್ಕ ನಿಂತು, ಎಲ್ಲರದೂ ಮುಗಿದ ಮೇಲೆ ಅತ್ತೆ ನೋಯುವ ಮಂಡಿಯನ್ನು ಮಡಚಲಾರದೆ ಮಡಚಿ ಅಡುಗೆಮನೆಯ ನೆಲದಲ್ಲಿ... ಒಂದೇ ಸೂರಿನಡಿ ನಾಲ್ಕು ಊಟ! ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಒಂದು ತುತ್ತು ಉಣ್ಣಬೇಕು ಎಂದು ಹೆಣ್ಣೊಬ್ಬಳು ಬಯಸಿದರೆ ತಪ್ಪೇ, ನೀವೇ ಹೇಳಿ.

ಅಂದಿನಿಂದ ಶೀಲಾವತಿ ಆ ಮೂಲೆಯತ್ತ ತಿರುಗಿಯೂ ನೋಡಲಿಲ್ಲ. ಅವರ ಸಿಟ್ಟಿಗೆ ಹೆದರಿ ಉಳಿದವರೂ ಅಲ್ಲಿ ಕೂರಲಿಲ್ಲ. ಸ್ಟೂಲುಗಳು ಮೇಜಿನಡಿಯಲ್ಲಿ ಹಾಗೇ ಇದ್ದವು. ಆಟಿಯಲ್ಲಿ ಹಿರಿಯರಿಗೆ ಬಡಿಸುವ ಭಾನುವಾರ ಹತ್ತಿರವಾದಂತೆ ರಂಜನಾಳಿಗೆ ನಿದ್ದೆ ಹತ್ತದಾಯಿತು. ಶನಿವಾರ ಬೆಳಗ್ಗೆ ಸುತ್ತಿಗೆ, ಉಳಿ ಹಿಡಿದು ಅತ್ತೆಯ ಮುಂದೆ ನಿಂತಳು.

“ಅತ್ತಿ, ಮೇಜು ಒಡದು ಮಣಿ ತೆಗದು ಕೊಡ್ತೀನ್ರಿ. ಸೀಳಬಹುದು ಅಂತ ಬಡಿಗ್ಯಾರು ಹೇಳ್ಯಾರ... ಆದ್ರೂ ನೀವು ಹ್ಞೂಂ ಅಂದ್ರ...”

“ಬೇಡ!” ಶೀಲಾವತಿ ಸರ್‍ರನೆ ಎದ್ದು ಅವಳ ಕೈಯಿಂದ ಉಳಿ ಕಿತ್ತುಕೊಂಡರು. “ಒಮ್ಮೆ ಕೊಯ್ದದ್ದು ಸಾಲದಾ? ಇನ್ನು ಸೀಳ್ಲಿಕ್ಕೂ ಬೇಕಾ? ಈ ವರ್ಷ ನಿನ್ನ ಮಾವ ಉಪವಾಸ. ನಾನು ಬಡಿಸುದಿಲ್ಲ. ಮುಗೀತು!”

ಮುಗೀತು! ಆ ಒಂದು ಮಾತಿನ ಕೆಳಗೆ ಇಡೀ ಮನೆ ಕುಸಿದಂತಾಯಿತು. ರಂಜನಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಅತ್ತಳು.

ಮಧ್ಯಾಹ್ನ ಶ್ರಾವ್ಯಾ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳುತ್ತಿದ್ದಳು. “ಅಜ್ಜೀ, ಚಾಳ್‌ನಲ್ಲಿ ನಿಮ್ಮ ಡೈನಿಂಗ್ ಟೇಬಲ್ ಇತ್ತಾ?”

“ಎಂತ ಟೇಬಲ್ಲು! ಮಂಚ ಒಂದು ಕಡೆ, ಸ್ಟೋವ್ ಒಂದು ಕಡೆ, ನಡುವೆ ಒಂದು ಮಣೆ ಇಡುವಷ್ಟು ಜಾಗ. ಅಜ್ಜ ಮಾಟುಂಗದ ಹೋಟೆಲಲ್ಲಿ ಸಪ್ಲಾಯರ್ ಅಲ್ವಾ? ದಿನವಿಡೀ ನಿಂತು ಬಡಿಸಿ ಮನೆಗೆ ಬಂದು ಆ ಮಣೆಯಲ್ಲಿ ಕೂತ್ಕೊಳ್ಳುದು. ‘ಊರಿಗೆಲ್ಲ ಬಡಿಸಿ ಬಂದೆ ಶೀಲಾ, ಈಗ ನಂಗೆ ಬಡಿಸು’ ಅಂತ ದಿನಾ ಒಂದೇ ಮಾತು.” ಅವರು ಮೊಮ್ಮಗಳ ಹೊದಿಕೆ ಸರಿಪಡಿಸಿದರು. “ಆಟಿಯಲ್ಲೂ ಅಷ್ಟೇ ಜಾಗ. ಒಂದು ಎಲೆ ಹಾಕಿದ್ರೆ ಆಯ್ತು. ಆ ಎಲೆ ಅಜ್ಜನ ಅಪ್ಪ ಅಮ್ಮನಿಗೆ. ನಮ್ಮ ವಾರಿಜನಿಗೆ... ಇಲ್ಲ.”

“ವಾರಿಜ ಕೌನ್?”

“ನಿನ್ನ ಅಪ್ಪನ ಅಕ್ಕ. ನಿನ್ನಷ್ಟೂ ಇರ್ಲಿಲ್ಲ ಅವಳು. ಜ್ವರ ಬಂದು ಹೋದ್ಲು... ಅವಳಿಗೊಂದು ಸಣ್ಣ ಎಲೆ ಹಾಕ್ಬೇಕು ಅಂತ ಪ್ರತಿ ವರ್ಷ ಆಸೆ ಆಗ್ತಿತ್ತು. ಜಾಗ ಇಲ್ಲ. ‘ಅಜ್ಜಿಯ ಎಲೆಯಲ್ಲೇ ಎರಡು ತುತ್ತು ತಿನ್ನು ಮಗಾ’ ಅಂತ ಮನಸ್ಸಲ್ಲೇ ಹೇಳ್ತಿದ್ದೆ. ಇಲ್ಲಿಗೆ ಬಂದ ಮೇಲೂ ಒಂದೇ ಎಲೆ, ಅದೇ ಅಭ್ಯಾಸ ಆಯ್ತು...”

ಬಾಗಿಲ ಬಳಿ ಒಣಗಿದ ಬಟ್ಟೆ ಮಡಚುತ್ತಿದ್ದ ರಂಜನಾಳ ಕೈ ನಿಂತಿತು. ಅತ್ತೆಯ ಬಾಯಲ್ಲಿ ಅವಳು ಆ ಹೆಸರು ಒಮ್ಮೆಯೂ ಕೇಳಿರಲಿಲ್ಲ! ಇಷ್ಟು ಗಡುಸು ಮಾತಿನ ಹೆಂಗಸಿನೊಳಗೆ ಇಷ್ಟು ವರ್ಷ ಒಂದು ಮಗು ಹಸಿದು ಕೂತಿತ್ತೇ?

ಭಾನುವಾರ ಹೊತ್ತು ಇಳಿಯುವಾಗ ಮನೆ ತುಂಬ ಹುರಿದ ಕೊತ್ತಂಬರಿಯ, ತೆಂಗಿನಕಾಯಿಯ ಘಮ. ರಂಜನಾ ನಾದಿನಿ ನಿಶಾಳಿಗೆ ಫೋನಿನ ಮೇಲೆ ಫೋನು ಮಾಡಿ ಕೇಳುತ್ತ ಕೋಳಿ ಸುಕ್ಕ, ಬಸಳೆ ಗಸಿ, ಕಡುಬು ಎಲ್ಲವನ್ನೂ ಮಾಡಿ ಮುಗಿಸಿದ್ದಳು. ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕರೆದಳು.

“ಅತ್ತಿ, ನನ್ನ ಮ್ಯಾಲಿನ ಸಿಟ್ಟು ನನಗ ಇರ್ಲಿ. ಹಸದವರ ಮ್ಯಾಲ ಬ್ಯಾಡ್ರಿ. ಒಂದ್ಸಲ ಬಂದು ನೋಡ್ರಿ. ಬ್ಯಾಡ ಅನಿಸಿದ್ರ ಎಲ್ಲಾ ತಗದುಬಿಡ್ತೀನಿ.”

ಶೀಲಾವತಿ ಬೈಯಲೆಂದೇ ಎದ್ದು ಬಂದರು. ಬಂದವರ ಕಣ್ಣು ಮೇಜಿನ ಮೇಲೆ ನಿಂತಿತು. ರಂಜನಾ ಅದನ್ನು ತೊಳೆದು ಒರೆಸಿ, ಅದರ ಮೇಲೆ ಬಾಳೆ ಎಲೆ ಹಾಕಿದ್ದಳು. ಒಂದು ತುದಿಗೆ ಹಿರಿಯ ದಂಪತಿಗೆ ಒಂದು ಎಲೆ. ನಡುವೆ, ಮಣೆಯ ಮೇಲೆ, ದೂಜಣ್ಣನವರಿಗೆ ಒಂದು. ಅದರ ಮಗ್ಗುಲಿಗೆ ಅಂಗೈಯಗಲದ ಒಂದು ಎಲೆಯ ತುದಿ, ಪಕ್ಕದಲ್ಲಿ ಶ್ರಾವ್ಯಾಳ ಪುಟ್ಟ ಸ್ಟೀಲ್ ಲೋಟದಲ್ಲಿ ನೀರು.

“ಇದು... ಇದು ಯಾರಿಗೆ?”

“ವಾರಿಜಕ್ಕಗ್ರಿ. ಅಪ್ಪನ ಬಾಜೂಕ ಕುಂಡ್ರಲಿ ಅಂತ.”

ಶೀಲಾವತಿ ಆ ಸಣ್ಣ ಎಲೆಯ ಅಂಚನ್ನು ಬೆರಳಿನಿಂದ ನೇರ ಮಾಡಿದರು. ಕೊನೆಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚಿದರು.

“ಸೌಟು ಕೊಡು.”

ಬಡಿಸಿದರು. ಹಿರಿಯರಿಗೆ, ಗಂಡನಿಗೆ ಬಡಿಸಿ ಸಣ್ಣ ಎಲೆಯ ಹತ್ತಿರ ಬಂದಾಗ ಸೌಟು ಬದಿಗಿಟ್ಟರು. ಕೋಳಿಯ ಚೂರನ್ನು ಬೆರಳಲ್ಲಿ ಬಿಡಿಸಿ, ಎಲುಬು ತೆಗೆದು, ಮೆತ್ತಗೆ ಮಾಡಿ ಇಟ್ಟರು. “ಖಾರ ಉಂಟಾ?” ಎಂದು ಕೇಳಿದರು. ರಂಜನಾ ಅಳುತ್ತಲೇ, “ಇಲ್ರಿ, ಅದನ್ನ ಬ್ಯಾರೆ ತಗದಿಟ್ಟೀನ್ರಿ” ಎಂದಳು.

ಬಂದ ಹಿರಿಯರು ಯಾರ ಹಂಗಿಲ್ಲದೆ ಉಣ್ಣಲಿ ಎಂದು ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು ಅವರ ಊರ ಕಡೆಯ ಕ್ರಮ. ಬಲ್ಬು, ಟ್ಯೂಬ್‌ಲೈಟ್ ಆರಿಸಿ, ಮೇಜಿನ ತುದಿಯಲ್ಲಿ ಎಣ್ಣೆಯ ದೀಪ ಬಿಟ್ಟು, ನಾಲ್ವರೂ ಲಿಫ್ಟಿನ ಮುಂದೆ ಹೋಗಿ ನಿಂತರು. ತರಕಾರಿ ಹಿಡಿದು ಬಂದ ಎದುರುಮನೆಯ ಮರಾಠಿ ಮಾವಶಿ, ಚಾವಿ ಒಳಗೇ ಉಳಿಯಿತೇನೋ ಎಂದು ಕಣ್ಣರಳಿಸಿದರು. “ಕಾಯ್ ಝಾಲಾ? ಚಾವಿ ಅಂದರ್ ರಹ್ ಗಯೀ ಕ್ಯಾ?”

“ನಹೀಂ ಆಂಟಿ, ಗೆಸ್ಟ್ ಖಾನಾ ಖಾ ರಹೇ ಹೈಂ!” ಎಂದಳು ಶ್ರಾವ್ಯಾ. ಅತಿಥಿಗಳು ಉಣ್ಣುತ್ತಿದ್ದಾರೆಂದು ಕೇಳಿ ಮಾವಶಿ ಮುಚ್ಚಿದ ಬಾಗಿಲನ್ನೂ, ಹೊರಗೆ ನಿಂತ ಮನೆಯವರನ್ನೂ ನೋಡಿ ಗಲಿಬಿಲಿಯಿಂದ ಒಳಗೆ ಹೋದರು. ಪ್ರೀತಮ್‌ಗೆ ನಗು ತಡೆಯಲಾಗಲಿಲ್ಲ. ಶೀಲಾವತಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಬಾಗಿಲಿಗೆ ಮೆಲ್ಲಗೆ ಬಡಿದು, ಕೆಮ್ಮಿ, ಅವರೇ ಮೊದಲು ತೆರೆದರು. ತೆರೆದವರು ಹೊಸ್ತಿಲಲ್ಲೇ ಕಂಬವಾದರು!

ಹೊರಗೆ ಕತ್ತಲಾಗಿತ್ತು. ಬಾಲ್ಕನಿಯ ಗಾಜಿನ ಬಾಗಿಲು ಮಳೆಯ ಕತ್ತಲನ್ನು ಬೆನ್ನಿಗಿಟ್ಟುಕೊಂಡು ತಾನೂ ಕನ್ನಡಿಯಾಗಿತ್ತು. ಗೋಡೆಯ ಕನ್ನಡಿ ಅದಕ್ಕೆ ಎದುರಾಗಿತ್ತು. ಒಂದು ದೀಪದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು... ಮೂರು ಎಲೆಗಳ ಎದುರು ಮೂರು ಎಲೆ, ಅದರಾಚೆ ಮತ್ತೆ ಎಲೆಗಳ ಹಸಿರು, ದೂರ ದೂರ, ಕುರ್ಲಾ ಸ್ಟೇಷನ್ನಿನ ದೀಪಗಳ ಜೊತೆ ಬೆರೆತು ಮಳೆಯೊಳಗೆ ಮುಗಿಯದೇ ಸಾಗಿದ ಪಂಕ್ತಿ! ಆ ಅಂಗೈಯಷ್ಟು ಮೂಲೆಯಲ್ಲಿ! ಮಂಚಕ್ಕೂ ಸ್ಟೋವಿಗೂ ನಡುವೆ ಒಂದು ಎಲೆಗೂ ಒದ್ದಾಡಿದ್ದ ಆ ಜೀವ ಎರಡೂ ಕೈ ಜೋಡಿಸಿತು.

“ಎಷ್ಟು ಎಲೆ... ಎಷ್ಟೊಂದು ಜಾಗ ದೇವರೇ! ಯಾರೂ ಹೊರಗೆ ಉಳೀಲಿಲ್ಲ...”

ಬಾಯಾಳಿ ಶ್ರಾವ್ಯಾ ಅಮ್ಮನ ಕೈ ಹಿಡಿದುಕೊಂಡಳು. ಕನ್ನಡಿಯೊಳಗೆ ಶೀಲಾವತಿ ತಮ್ಮ ಮುಖ ಕಂಡರು. ಅವರ ಹೆಗಲ ಹಿಂದೆ, ಮೂಗಿಗೆ ಮಸಿ ಹತ್ತಿದ, ಅತ್ತು ಕೆಂಪಾದ ಸೊಸೆಯ ಮುಖ. ತಟ್ಟನೆ ತಿರುಗಿದರು.

“ರಂಜನಾ, ಇನ್ನೊಂದು ಎಲೆ ಉಂಟಾ?”

“ಅದಾವ್ರಿ. ಯಾಕ್ರಿ ಅತ್ತಿ?”

“ನಿನ್ನ ಅಪ್ಪನಿಗೆ ಹಾಕು.”

ರಂಜನಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಸೊಸೆಯ ತವರಿನವರಿಗೆ ಈ ಪಂಕ್ತಿಯಲ್ಲಿ ಜಾಗವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

“ಅತ್ತಿ, ಅದು... ನಿಮ್ಮ ಕ್ರಮದಾಗ ಇಲ್ಲಲ್ರೀ...”

“ಇಲ್ಲ. ಇವತ್ತಿನಿಂದ ಉಂಟು. ಉಸುಕಿನ ಹತ್ರ ಕೂತು ಉಂಡದ್ದು ಸಾಕು ಅವರು. ಇವರ ಬಗಲಲ್ಲಿ ಕೂತ್ಕೊಳ್ಲಿ. ಇಬ್ರೂ ದುಡಿದು ದಣಿದವರೇ... ಮಾತಾಡ್ಲಿಕ್ಕೆ ಬೇಕಾದಷ್ಟು ಉಂಟು.”

“ಅತ್ತೀ!” ರಂಜನಾ ಅವರ ಎದೆಗೆ ಬಿದ್ದು ಮಗುವಿನಂತೆ ಬಿಕ್ಕಿದಳು. ಶೀಲಾವತಿ ಅವಳ ತಲೆ ನೇವರಿಸಿದರು. “ಅಳ್ಬೇಡ ಮಗಾ... ಬಾಯಿ ನನ್ನದು ಕೆಟ್ಟದು. ನಿನ್ನ ಕೈ ಒಳ್ಳೆದುಂಟು.”

ನಾಲ್ಕನೆಯ ಎಲೆ ಬಿತ್ತು. ಅದರಲ್ಲಿ ನಿಂಗಣ್ಣನಿಗೆಂದು ಶೀಲಾವತಿಯೇ ಕಡುಬು ಬಡಿಸಿದರು. ಮತ್ತೆ ಎಲ್ಲರೂ ಲಿಫ್ಟಿನ ಮುಂದೆ ಹೋಗಿ ನಿಂತು ಬಂದರು. ಬಾಗಿಲ ಸಂದಿಯಿಂದ ಮಾವಶಿ ಇಣುಕಿದ್ದನ್ನು ಕಂಡೂ ಕಾಣದಂತಿದ್ದರು.

ಎಲೆ ತೆಗೆದ ಮೇಲೆ ನಾಲ್ಕು ಸ್ಟೂಲುಗಳು ಮೊದಲ ಸಲ ಹೊರಗೆ ಬಂದವು. ಪ್ರೀತಮ್ ಅಮ್ಮನನ್ನು ಹಿಡಿದು ಕೂರಿಸಿದ. ಅವರ ಕಾಲು ನೆಲಕ್ಕೆ ಎಟುಕದೆ ತೂಗಾಡಿದ್ದನ್ನು ಕಂಡು ಶ್ರಾವ್ಯಾ ಕಿಲಕಿಲ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಮಂಡಿ ನೋಯದ ಊಟ. ರಂಜನಾ ಬಿಸಿ ಅನ್ನದ ಪಾತ್ರೆ ಹಿಡಿದು ತಂದವಳು ಎಲ್ಲಿಡಲಿ ಎಂದು ಅನುಮಾನಿಸಿದಳು. ನಡುವೆ ಇದ್ದದ್ದು ಆ ಮಣೆಯೇ.

“ಅಲ್ಲೇ ಇಡು,” ಎಂದರು ಶೀಲಾವತಿ. ಪಾತ್ರೆ ಕೂತ ಮೇಲೆ ಮರದ ಅಂಚಿನ ಆ ಹಳೆಯ ಕಚ್ಚಿನ ಮೇಲೆ ಬೆರಳಾಡಿಸಿದರು. ಅವರ ಕಣ್ಣೊಳಗೆ ದೀಪ ಹನಿಯಾಗಿ ನಿಂತಿತು.

“ನೋಡಿ... ಈಗಲೂ ಇವರೇ ಬಡಿಸುದು.”