ಕಲ್ಲಡಿ

ಸಂಕಗಿರಿ ಕೋಟೆಯ ಐದನೇ ಬಾಗಿಲು ದಾಟಿದರೆ ಒಂದು ದೊಡ್ಡ ಚಪ್ಪಡಿ ಕಲ್ಲು. ಅದರ ಮೇಲೆ ಗೈಡ್ ನಾರಪ್ಪ ಬೋರಲು ಬಿದ್ದಿದ್ದ. ಒಂದು ಕಿವಿ ಕಲ್ಲಿಗೆ ಒತ್ತಿತ್ತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ಗುಂಡುಕಲ್ಲು. ಎರಡೂ ಕೈ ಹಾಕಿ ಎತ್ತಬೇಕು, ಅಂಥದ್ದು.

ಸಬ್ ಇನ್‌ಸ್ಪೆಕ್ಟರ್ ಸುಪ್ರಜಾ ಬೆಟ್ಟ ಹತ್ತುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಜೀವವಿದ್ದಾಗಲೇ ಮೊದಲು ತಲುಪಿದ್ದು ಕಾನ್‌ಸ್ಟೇಬಲ್ ಕಣ್ಣನ್.

"ಏನಾದ್ರೂ ಹೇಳಿದ್ರಾ?" ಸುಪ್ರಜಾ ಅವನ ಭಾಷೆಯಲ್ಲೇ ಕೇಳಿದಳು.

"ಕಲ್ಲಡಿ, ಕಲ್ಲಡಿನ್ನು ಸೊನ್ನಾರ್, ಮೇಡಂ," ಎಂದ ಕಣ್ಣನ್ ತಮಿಳಿನಲ್ಲಿ. ನಾರಪ್ಪ ಅಷ್ಟನ್ನೇ ಹೇಳುತ್ತಾ ಕೈಯಿಂದ ಚಪ್ಪಡಿ ಕಲ್ಲನ್ನು ಬಡಿಯುತ್ತಲೇ ಇದ್ದನಂತೆ. ಪಾಪ, ಎಷ್ಟು ನೋವಿತ್ತೋ ಎಂದು ಕಣ್ಣೊರೆಸಿಕೊಂಡ.

ತಮಿಳಿನಲ್ಲಿ ಕಲ್ಲಡಿ ಎಂದರೆ ಕಲ್ಲೇಟು. ಸತ್ತವನೇ ಸಾಕ್ಷಿ ನುಡಿದು ಹೋದ ಮೇಲೆ ಪೊಲೀಸರಿಗೆ ಇನ್ನೇನು ಬೇಕು? ಚಪ್ಪಡಿಯ ಮೇಲೆ ಸೀಮೆಸುಣ್ಣದಲ್ಲಿ ಹೆಣದ ಗೆರೆ ಎಳೆದರು. ಬೂಟುಗಾಲಲ್ಲಿ ಅದರ ಮೇಲೆಲ್ಲ ಓಡಾಡಿ ಫೋಟೋ ತೆಗೆದರು. ಹೆಣ ಹೊತ್ತು ಇಳಿದರು.

* * *

ಬೆಟ್ಟದ ಬುಡದಲ್ಲಿ ಕಲ್ಲೇಟಿಗೆ ಹೆಸರಾದವನು ಒಬ್ಬನೇ, ಮಜ್ಜಿಗೆ ಮಾರುವ ಪಾಪಣ್ಣ. ಟೂರಿಸ್ಟುಗಳ ಚೀಲಕ್ಕೆ ಕೈಹಾಕುವ ಕೋತಿಗಳ ಮೇಲೆ ಅವನ ಗುರಿ ತಪ್ಪಿದ್ದಿಲ್ಲ. ನಾರಪ್ಪ ಗಿರಾಕಿಗಳನ್ನು ಜ್ಯೂಸ್ ಅಂಗಡಿಗೆ ಕರೆದೊಯ್ಯುತ್ತಾನೆಂದು ಹೋದ ವಾರವಷ್ಟೇ ಕಿತ್ತಾಡಿದ್ದ.

ಕಣ್ಣಾರೆ ಕಂಡವನೂ ಸಿಕ್ಕಿದ. ಬೆಳಿಗ್ಗೆ ಹೆಂಡತಿಯೊಡನೆ ಕೋಟೆ ನೋಡಲು ಸೇಲಂನಿಂದ ಬಂದಿದ್ದ ಶಶಾಂಕ. ನಾರಪ್ಪನೇ ಅವರ ಗೈಡ್.

"ಇವನೇ ಕಲ್ಲು ಬೀಸಿದ್ದು, ಮೇಡಂ. ನಾನು ದೂರದಿಂದ ನೋಡಿದೆ."

"ನಿಮ್ಮ ಮನೆಯವರು?"

"ಅರ್ಚನಾಗೆ ತಲೆನೋವು. ಅರ್ಧಕ್ಕೇ ಇಳಿದು ಓಮಲೂರು ಬಸ್ ಹತ್ತಿದ್ಲು. ಅಮ್ಮನ ಮನೆ ಅಲ್ಲೇ ಇದೆ."

"ಫೋನ್ ಮಾಡಿ."

"ಸ್ವಿಚ್ ಆಫ್. ಮಲಗಿರ್ಬೇಕು. ನಾನು ಹೊರಡ್ಲಾ?"

ಕಾಫಿ ಲೋಟ ಹಿಡಿದ ಅವನ ಕೈ ಒಂಚೂರೂ ನಡುಗಲಿಲ್ಲ. ಹೆಣ ಕಂಡವನ ಕೈ ಹೀಗಿರುತ್ತದೆಯೇ? ಸುಪ್ರಜಾಗೆ ಅದು ಹಿಡಿಸಲಿಲ್ಲ. ಮೇಲೆ ನೋಡಿದಳು. ಐದನೇ ಬಾಗಿಲ ಗೋಡೆಯ ಮೇಲೆ ಕೋತಿಗಳು ಸಾಲಾಗಿ ಕೂತಿದ್ದವು. ಒಂದೂ ಕಿರುಚುತ್ತಿರಲಿಲ್ಲ. ಎಲ್ಲವೂ ಕತ್ತು ಬಗ್ಗಿಸಿ ಚಪ್ಪಡಿಯ ಕಡೆಗೇ ನೋಡುತ್ತಿದ್ದವು.

"ಜೀಪ್ ಹತ್ತು, ಪಾಪಣ್ಣ."

"ಅತ್ತೀನಮ್ಮ. ನಾನೇನೂ ಮಾಡಿಲ್ಲ, ಸಾಮಿ ನೋಡ್ಕಂತಾನೆ. ನನ್ ಮಜ್ಜಿಗೆ ಮಡಿಕೆ ಆ ಮರದತ್ರ ಕಲ್ಲಡಿ ಐತೆ, ಯಾರಾದ್ರೂ ಎತ್ತಿಡ್ಲಿ. ಈವಯ್ಯನ ಎಂಡ್ತಿ ಚಪ್ಲೀನೂ ಅಲ್ಲೇ ಕಲ್ಲಡಿ ಐತೆ. ಬಂದು ಕೇಳಿದ್ರೆ ಕೊಟ್ಬಿಡ್ರಿ."

ಸುಪ್ರಜಾ ಜೀಪಿನ ಬಾಗಿಲು ಹಿಡಿದು ಹಾಗೇ ನಿಂತಳು.

"ಏನಂದೆ?"

"ಚಪ್ಲಿ. ಪೆರುಮಾಳ್ ಗುಡಿಗಂಟ ಬರಿಗಾಲಲ್ಲೇ ಅತ್ತೀನಿ ಅಂತ ಬಿಟ್ಟೋದ್ಲು."

"ಅದು ಸರಿ. ಎಲ್ಲಿ ಐತೆ ಅಂದೆ?"

"ಕಲ್ಲಡಿ."

ಸೇಲಂ ಮನೆಯಲ್ಲಿ ಸುಪ್ರಜಾಳ ಅಜ್ಜಿ ಬೀಗದ ಕೈ ಇಡುತ್ತಿದ್ದುದೂ ರುಬ್ಬುವ ಕಲ್ಲಡಿಯೇ. ಕಲ್ಲಿನ ಕೆಳಗೆ. ನಾರಪ್ಪ ಕೊಳತ್ತೂರಿನವನು, ಮನೆಮಾತು ಕನ್ನಡ. ಸಮವಸ್ತ್ರ ತೊಟ್ಟ ಮೇಲೆ ತನ್ನ ಕಿವಿಯೂ ಬರೀ ತಮಿಳನ್ನೇ ಕೇಳಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮರುಕ್ಷಣವೇ ಪಾಪಣ್ಣನ ಕಡೆ ತಿರುಗಿದಳು.

"ನಾರಪ್ಪ ಬಿದ್ದಿದ್ದ ಚಪ್ಪಡಿ ಕೆಳಗೆ ಏನಿದೆ?"

"ಅಗೇವು, ಅಮ್ಮ. ಆಗಿನ ಕಾಲ್ದಾಗೆ ರಾಗಿ ತುಂಬ್ತಿದ್ದ ಗುಂಡಿ. ಬಂದೋರು ನೋಡ್ಲಿ ಅಂತ ಚಪ್ಪಡಿ ಓರೆ ಎತ್ತಿ, ಗುಂಡುಕಲ್ಲು ಒತ್ತು ಕೊಟ್ಟವ್ರೆ."

"ಇವತ್ತು ಮುಚ್ಚಿತ್ತು."

ಪಾಪಣ್ಣನ ಮುಖ ಕಪ್ಪಿಟ್ಟಿತು. "ಮುಚ್ಚಿದ್ರೆ ಒಳಗೆ ಗಾಳಿ ಆಡಾಕಿಲ್ಲ."

ಕಾಫಿ ಲೋಟ ನೆಲಕ್ಕೆ ಬಿತ್ತು. ಶಶಾಂಕ ಬೈಕಿನ ಕಡೆ ಓಡಿದ. ಕಣ್ಣನ್ ಅಡ್ಡ ಹಾಕಿದ.

* * *

ಹಾರೆ ಹಾಕಿ ಮೀಟಿದರು. ಸೀಮೆಸುಣ್ಣದ ನಾರಪ್ಪ ಚಪ್ಪಡಿಯ ಸಮೇತ ಪಕ್ಕಕ್ಕೆ ಜರುಗಿದ. ಒಳಗಿಂದ ಮುಗ್ಗಲು ಗಾಳಿ ಮುಖಕ್ಕೆ ಬಡಿಯಿತು. ಟಾರ್ಚ್ ಬೆಳಕು ಹಾಯಿಸಿದಾಗ ಮೊದಲು ಕಂಡದ್ದು ಎರಡು ಬರಿಗಾಲು.

ಅರ್ಚನಾ ಮಿಸುಕಲಿಲ್ಲ. ಕಣ್ಣನ್ ಹಗ್ಗ ಕಟ್ಟಿಕೊಂಡು ಇಳಿದ. "ಉಸಿರಿದೆ," ಎಂದು ತಮಿಳಿನಲ್ಲಿ ಕೂಗಿದ.

ಬೆಟ್ಟದ ಬುಡಕ್ಕೆ ಇಳಿದ ಮೇಲೆ, ಕೈಕೋಳ ತೊಟ್ಟ ಶಶಾಂಕನ ಮುಂದೆ ಸುಪ್ರಜಾ ಕೂತಳು.

"ಚಪ್ಪಲಿ ಇಲ್ಲೇ ಬಿಟ್ಟು ಯಾವ ಹೆಂಗಸು ಓಮಲೂರು ಬಸ್ ಹತ್ತುತ್ತಾಳೆ? ಹಗೇವು ಬಗ್ಗಿ ನೋಡ್ತಿದ್ದವಳನ್ನ ತಳ್ಳಿದೆ. ಒತ್ತುಗಲ್ಲು ಕಿತ್ತೆ, ಚಪ್ಪಡಿ ತಾನಾಗಿ ಮುಚ್ಚಿತು. ಮುಂದೆ ಹೋಗಿದ್ದ ನಾರಪ್ಪ ಸದ್ದು ಕೇಳಿ ತಿರುಗಿ ಬಂದ. ಚಪ್ಪಡಿ ಎತ್ತಲು ಬಗ್ಗಿದವನ ತಲೆಗೆ ಅದೇ ಕಲ್ಲು ಹಾಕಿದೆ. ಪಾಪಣ್ಣ ಕೋತಿಗೆ ಹೊಡೆಯೋದು ನಿಂಬೆಹಣ್ಣಿನಷ್ಟು ಕಲ್ಲು. ಇದನ್ನ ಯಾರೂ ದೂರದಿಂದ ಬೀಸೋಕಾಗಲ್ಲ."

ಶಶಾಂಕ ನೆಲ ನೋಡಿದ. "ಡೈವೋರ್ಸ್ ಕೊಡು ಅಂದೆ. ಅವಳು ಒಪ್ಪಲಿಲ್ಲ."

ಅಷ್ಟಕ್ಕೇ ಒಬ್ಬನ ಜೀವ ಹೋಗಿತ್ತು. ಸುಪ್ರಜಾಗೆ ಅವನ ಮುಖ ನೋಡಲು ಹೇಸಿಗೆಯಾಯಿತು. ಎದ್ದು ಆಂಬುಲೆನ್ಸಿನ ಬಳಿ ಹೋದಳು.

ಅರ್ಚನಾ ಕಣ್ಣು ಬಿಟ್ಟಿದ್ದಳು. ಗಂಡನ ಬಗ್ಗೆ ಕೇಳಲಿಲ್ಲ.

"ಆ ಗೈಡ್ ಅಣ್ಣ ಎಲ್ಲಿ? ನಾನು ಒಳಗಿಂದ ಗೋಡೆ ತಟ್ಟಿದಾಗೆಲ್ಲ ಅವರು ಮೇಲಿಂದ ತಟ್ಟುತ್ತಿದ್ದರು. ಇದ್ದೀನಿ, ಹೆದರಬೇಡ ಅನ್ನೋ ಹಾಗೆ. ಆಮೇಲೆ ನಿಂತೇಹೋಯ್ತು. ಬರೀ ಬೂಟಿನ ಸದ್ದು."

ಕಣ್ಣನ್‌ಗೆ ಕನ್ನಡ ಬಾರದು. ಬೂಟು ಎಂಬುದೊಂದು ಅರ್ಥವಾಯಿತು. ಅವನು ತನ್ನ ಕಾಲನ್ನೇ ನೋಡುತ್ತಾ ನಿಂತ.

ಸುಪ್ರಜಾ ಮರದಡಿಯ ಕಲ್ಲಿನ ಕೆಳಗಿಂದ ಚಪ್ಪಲಿ ತರಿಸಿ ಅರ್ಚನಾಳ ಪಕ್ಕದಲ್ಲಿಟ್ಟಳು. ಆಮೇಲೆ ನಾರಪ್ಪನ ವಿಷಯ ಹೇಳಿದಳು.