ಅದಲುಬದಲಾದ ರೀಲು

"ಹೇಮಾ...?"

ಆ ದನಿ! ಹೇಮಾಂಗಿಯ ಕೈ ಬಾಗಿಲ ಹಿಡಿಯ ಮೇಲೆಯೇ ನಿಂತಿತು. ಅಂಧೇರಿಯ ಈ ಪುಟ್ಟ ಥಿಯೇಟರಿಗೆ ಅವನೂ ಬರುತ್ತಾನಾ ಎಂದು ಮೊದಲೇ ಕೇಳಬೇಕಿತ್ತು. ಕೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಬೆಳಗಿನಿಂದ ಎಡಿಟಿಂಗ್ ಕೋಣೆಯಲ್ಲಿ ಧಾರಾವಾಹಿಯೊಂದರ ಅತ್ತೆಯ ಮುಖವನ್ನು ಕತ್ತರಿಸಿ, ಅಂಟಿಸಿ ಅವಳ ಕಣ್ಣು ಉರಿಯುತ್ತಿತ್ತು.

ತೌಸೀಫ್ ಎದುರು ನಿಂತಿದ್ದ. ಗಡ್ಡ ನರೆತಿತ್ತು. ನೋಟ ಮಾತ್ರ ಅದೇ.

"ಬಾ ಡೀಕ್ರಿ, ಬಾ ಮಗಳೇ!" ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಬರ್ಜೋರ್ ಅಂಕಲ್ ಕೂಗಿದರು. "ನಿಮ್ಮ ಹುಚ್ಚು ಪಿಕ್ಚರ್‌ಗೆ ಹೊಸ ಪ್ರಿಂಟ್ ಅಂತೆ! ಹುಡುಗಿ ಸ್ಕೂಲ್ ಬ್ಯಾಗ್ ತೆಗೆದ್ರೆ ಒಳಗೆ ಸಮುದ್ರ, ಹುಡುಗನಿಗೆ ಮೀಸೆ ಚಿಗುರಿದ್ರೆ ಅದರ ಮೇಲೆ ಗುಬ್ಬಿ! ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ."

"ನನಗೂ ಆಗಿಲ್ಲ ಅಂಕಲ್, ನಾನು ಬರೀ ಡೈರೆಕ್ಟರ್," ಎಂದ ತೌಸೀಫ್.

ಹೇಮಾಂಗಿಗೆ ನಗು ಬರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ರೀಲುಗಳ ತಗಡಿನ ಡಬ್ಬಿಗಳಲ್ಲಿ ನೆಟ್ಟಿತ್ತು. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಹಾಗೆ, ಅವಳ ಪ್ರಾಣ ಇಷ್ಟು ವರ್ಷ ಆ ಡಬ್ಬಿಗಳಲ್ಲೇ ಇತ್ತು.

ಆ ಚಿತ್ರದ ಎಡಿಟರ್ ಅವಳೇ. ಮೊದಲ ಪ್ರದರ್ಶನದ ಬೆಳಿಗ್ಗೆ, ವಾರದ ನಿದ್ದೆ ಕೆಟ್ಟ ಕಣ್ಣಲ್ಲಿ ಕೊನೆಯ ಎರಡು ಡಬ್ಬಿಗಳ ಚೀಟಿ ಅದಲುಬದಲು ಮಾಡಿಬಿಟ್ಟಿದ್ದಳು. ಕೊನೆಗೆ ರೈಲು ಹತ್ತಿ ದೂರವಾಗಬೇಕಿದ್ದ ಹುಡುಗಿ, ಮತ್ತೆ ನೀರು ತುಂಬಿದ ತರಗತಿಗೆ ಬಂದು ಹುಡುಗನ ಕೊಡೆಯಡಿ ನಿಂತಳು. ಚಿತ್ರ ಅಲ್ಲಿಗೇ ಮುಗಿಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು! ಇವತ್ತಿಗೂ ಕಾಲೇಜು ಹುಡುಗರು ಕೊಡೆ ಹಿಡಿದೇ ಈ ಚಿತ್ರ ನೋಡಲು ಬರುತ್ತಾರೆ.

ಅವಳು ಮಾತ್ರ ಅಂದು ದೀಪ ಹತ್ತುವ ಮೊದಲೇ ಓಡಿಹೋಗಿದ್ದಳು.

"ಕೊನೆಗೆ ಯಾವುದು ಹಾಕ್ಲಿ? ಬೇಗ ಹೇಳಿ, ಚಹಾ ಆರ್ತಿದೆ!" ಕಿಂಡಿಯಿಂದ ಅಂಕಲ್ ಕೇಳಿದರು.

"ಮೊದಲು ಅಂದ್ಕೊಂಡಿದ್ದ ಹಾಗೇ ಹಾಕಿ ಅಂಕಲ್. ರೈಲೇ ಕೊನೆಗಿರಲಿ." ಅವಳು ತೌಸೀಫ್ ಕಡೆ ತಿರುಗಿದಳು. "ನಿನ್ನ ಸಿನಿಮಾ ಹಾಳು ಮಾಡಿದೆ. ಬೈದುಬಿಡು. ಹೆದರಿ ಹೆದರಿ ಸಾಕಾಗಿದೆ ನನಗೆ."

"ಬೈಯೋದಾ?" ಅವನು ಬೆರಗಾದ. "ಮದುವೆ ಆಗ್ತೀಯಾ ಅಂತ ನಾನು ಕೇಳಿದಾಗ, ಉತ್ತರ ಶೋ ಮುಗಿದ ಮೇಲೆ ಹೇಳ್ತೀನಿ ಅಂದಿದ್ದೆ ನೀನು. ಪರದೆ ಮೇಲೆ ಹುಡುಗಿ ವಾಪಸ್ ಬಂದ್ಲು. ನೀನೇ ರೀಲು ಬದಲಿಸಿ ಹೂಂ ಅಂದೆ ಅಂದ್ಕೊಂಡೆ! ಇರಾನಿ ಹೋಟೆಲಲ್ಲಿ ಎರಡು ಬನ್ ಮಸ್ಕಾ ತರಿಸಿಕೊಂಡು ಕಾದೆ... ನೀನು ಫೋನೂ ಎತ್ತಲಿಲ್ಲ."

"ಬೈತೀಯ ಅಂತ ಎತ್ತಲಿಲ್ಲ!"

ಹೇಮಾಂಗಿ ಪಕ್ಕದ ಕುರ್ಚಿಯಲ್ಲಿ ಕೂತಳು.

"ಅದು ಉತ್ತರ ಅಲ್ಲ ತೌಸೀಫ್... ನಿದ್ದೆಗಣ್ಣಿನ ತಪ್ಪು."

ಅವನ ಮುಖ ಬಾಡಿತು. "ಓಹ್... ಇಷ್ಟು ವರ್ಷ ನಾನೊಬ್ಬನೇ ಅದನ್ನ ಉತ್ತರ ಅಂತ ಇಟ್ಕೊಂಡಿದ್ದೆನಾ?"

"ಇಬ್ರೂ ಒಂಟಿ, ಇಬ್ರೂ ಪೆದ್ದರು!" ಕಿಂಡಿಯಿಂದ ಗೊಣಗಾಟ ಕೇಳಿತು.

'ಇನ್ನೆಷ್ಟು ದಿನ ಓಡ್ತೀಯ ಹೇಮಾ? ಕಾಲಾದರೂ ನೋಯಲ್ವಾ?' ಅವಳ ಮನಸ್ಸೇ ಅವಳನ್ನು ಕೇಳಿತು.

ನಿಧಾನವಾಗಿ ಎದ್ದಳು. ಕೊಡೆಯ ರೀಲಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಕಿಂಡಿಯಲ್ಲಿಟ್ಟಳು.

"ಇದು ಕೊನೆಗೆ, ಅಂಕಲ್."

ತೌಸೀಫ್ ಉಸಿರು ಬಿಗಿಹಿಡಿದ. "ಇದೂ... ನಿದ್ದೆಗಣ್ಣಿನ ತಪ್ಪಾ?"

"ಸುಸ್ತಾಗಿದ್ದೀನಿ ನಿಜ. ಆದ್ರೆ ಎಚ್ಚರವಾಗೇ ಇದ್ದೀನಿ."

ದೀಪ ಆರಿತು. ಪರದೆಯ ಮೇಲೆ ಬ್ಯಾಗಿನಿಂದ ಸಮುದ್ರ ಉಕ್ಕಿತು. ಹೇಮಾಂಗಿ ಪಕ್ಕದಲ್ಲಿ ಕೂತಿದ್ದ ಅವನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಮುಗಿದ ಮೇಲೆ ಎಬ್ಬಿಸು."

"ಎಬ್ಬಿಸಿದ್ರೆ ಮತ್ತೆ ಓಡಿಹೋಗಲ್ಲ ತಾನೇ?"

"ದೀಪ ಹತ್ತಲಿ... ಇಲ್ಲೇ ಇರ್ತೀನಿ."