ಮೂವತ್ತೇಳು ಫೋನುಗಳ ಪಟ್ಟಿ

ನಮ್ಮ ಠಾಣೆಯ ದಫೇದಾರರು ಟೆಲಿಫೋನಿನ ರಿಸೀವರನ್ನು ಒಮ್ಮೆ ಮೂಸಿದರೆ ಸಾಕು, ಹೋದ ತಿಂಗಳು ಅದರಲ್ಲಿ ಯಾರು ಯಾರನ್ನು ಬೈದರೆಂದು ತಾರೀಖು, ಗಂಟೆ ಸಮೇತ ಹೇಳಿಬಿಡುತ್ತಾರೆ. ಅವರ ಮೂಗಿಗೆ ಹೆದರಿ ಮೂವರು ಬೆರಳಚ್ಚು ತಜ್ಞರು ಊರು ಬಿಟ್ಟಿದ್ದಾರೆ. ಇಂಥವರಿದ್ದ ಠಾಣೆಗೆ ಬುಧವಾರ ಸಂಜೆ 5.30ಕ್ಕೆ ಒಂದು ದೂರು ಬಂತು.

ದೂರು ತಂದವನು ಔಷಧ ಗೋದಾಮಿನ ಗುಣಮಟ್ಟ ಪರೀಕ್ಷಕಿಯ ಅಣ್ಣ. ಮಧ್ಯಾಹ್ನ 2.10ಕ್ಕೆ ಆಕೆ ಮೈನಸ್ ಹದಿನೆಂಟು ಡಿಗ್ರಿಯ ಶೀತಲ ಕೋಣೆಗೆ ಹೋದಾಗ ಬಾಗಿಲ ಚಿಲಕ ಸಿಕ್ಕಿಕೊಂಡಿತ್ತು. ನಿಯಮದಂತೆ ಮೊಬೈಲು ಹೊರಗಿತ್ತು. ಒಳಗೋಡೆಯ ಫೋನ್ ಎತ್ತಿದರೆ ಕಾವಲುಗಾರನ ಮೇಜಿನಲ್ಲಿ ಗಂಟೆ ಹೊಡೆಯಬೇಕು. ಆಕೆ ಮತ್ತೆ ಮತ್ತೆ ಎತ್ತಿದರೂ ಯಾರೂ ಬರಲಿಲ್ಲ. ಯಾರೋ ಬೇರೆ ಕೆಲಸಕ್ಕೆಂದು ಬಾಗಿಲು ತೆಗೆದಾಗ 3.50 ಆಗಿತ್ತು.

“ಜೀವ ಉಳೀತು ಮೇಡಂ. ಎರಡು ಬೆರಳು ಕಪ್ಪಾಗಿದೆ, ಉಳಿಯೋದು ಕಷ್ಟ ಅಂದ್ರು ಡಾಕ್ಟ್ರು. ಆ ಕಾವಲುಗಾರ ಫೋನೇ ಎತ್ತಿಲ್ಲ. ಗೊರಕೆ ಹೊಡೀತಿದ್ದ!”

ಇನ್ಸ್‌ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ, ಕಾವಲುಗಾರನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು.

“ಫೋನ್ ಬಂತಾ?”

“ಇಲ್ಲ ಮೇಡಂ.”

“ನಿದ್ದೆ ಮಾಡಿದ್ಯಾ?”

“ರೆಪ್ಪೆ ಮುಚ್ಚಿಲ್ಲ ಮೇಡಂ. ನನ್ನ ಮಗಳ ವಯಸ್ಸಿನ ಹುಡುಗಿ ಅದು.”

ಗುರುವಾರ ಬೆಳಿಗ್ಗೆ 9ಕ್ಕೆ ದಫೇದಾರರು ಇಬ್ಬರು ಪಂಚರೊಂದಿಗೆ ಸ್ಥಳ ಪಂಚನಾಮೆಗೆ ಹೋದರು. ಆ ಚಳಿಯಲ್ಲಿ ಅಂಗಿಯ ಗುಂಡಿಯನ್ನೂ ಹಾಕದೆ ಮೂರು ಗಂಟೆ ನಿಂತರು. ಅವರ ಮೀಸೆಯಿಂದ ಉದುರಿದ ಮಂಜುಗಡ್ಡೆಯನ್ನು ಆಳುಗಳು ಬಕೆಟ್‌ಗಳಲ್ಲಿ ಹೊತ್ತರು. ಪಂಚನಾಮೆಯಲ್ಲಿ ಹೀಗೆ ಬರೆದರು: “ಒಳಗಿನ ಫೋನ್ ಎತ್ತಿ ಪರೀಕ್ಷಿಸಲಾಗಿ, ಧ್ವನಿ ಸ್ಪಷ್ಟ.”

ಆ ಒಂದು ಸಾಲಿಗೆ ಕಾವಲುಗಾರನ ಮಾತು ಬಿದ್ದುಹೋಯಿತು. ಸಂಜೆಯೊಳಗೆ ಅವನ ಕಂಪನಿಯವರು ಠಾಣೆಗೇ ಬಂದು ಸಮವಸ್ತ್ರ ಬಿಚ್ಚಿಸಿಕೊಂಡು ಹೋದರು. ಶುಕ್ರವಾರ ಸಂಜೆ ಅವನನ್ನು ಬಂಧಿಸಿ ನ್ಯಾಯಾಧೀಶರ ಮುಂದೆ ನಿಲ್ಲಿಸುವುದೊಂದೇ ಬಾಕಿ.

ಮೇಡಂ ಮಾತ್ರ ಶುಕ್ರವಾರ 10.15ಕ್ಕೆ ತಾವೇ ಶೀತಲ ಕೋಣೆಗೆ ಹೋಗಿ ಫೋನ್ ಎತ್ತಿದರು. ಸದ್ದೇ ಇಲ್ಲ.

“ನಿನ್ನೆ ಚೆನ್ನಾಗೇ ಇತ್ತಲ್ಲಾ ಮೇಡಂ,” ಎಂದರು ದಫೇದಾರರು. “ಚಳಿಗೆ ಹೋಗಿರ್ಬೇಕು.”

ಮೇಡಂ ದಫೇದಾರರ ಮುಖ ನೋಡಿದರು. ಗೋದಾಮಿನ ಕಚೇರಿಯ ಇಂಜಿನಿಯರ್ ಹುಡುಗಿಯನ್ನು ಕರೆಸಿದರು.

“ಫೋನು, ಮೀಟಿಂಗು, ಮೆಸೇಜು ಎಲ್ಲಾ ಒಂದೇ ಹಳೇ ಸರ್ವರ್ ಮೇಲಿತ್ತು ಮೇಡಂ. ಎಲ್ಲಾ ನಂಬರ್‌ಗಳನ್ನ ಹೊಸದಕ್ಕೆ ವರ್ಗ ಮಾಡಿ, ಸೋಮವಾರ ಹಳೇದನ್ನ ನಿಲ್ಲಿಸಿದ್ವಿ.”

“ಎಲ್ಲಾ ಬಂತು ಅಂತ ಹೇಗೆ ಗೊತ್ತಾಗುತ್ತೆ?”

“ಸಿಬ್ಬಂದಿಗೆ ಮೇಲ್ ಹಾಕಿ ಕೇಳಿದ್ವಿ. ಲಿಫ್ಟು, ಗೇಟು, ಕೋಲ್ಡ್ ರೂಮು ಮೇಲ್ ಓದುತ್ತಾ? ಅಂಥ ಫೋನು ಮೂವತ್ತೇಳಿವೆ. ಹಳೇದು ನಿಂತ ಮೇಲೆ ಒಂದೊಂದನ್ನೂ ಎತ್ತಿ ಕೇಳ್ಬೇಕು. ಒಂದು ಸುಮ್ಮನಿದ್ರೂ ಹಳೇದನ್ನ ಮತ್ತೆ ಚಾಲೂ ಮಾಡ್ಬೇಕು. ಅದಕ್ಕೇ ಡಿಸ್ಕ್ ಇನ್ನೂ ಅಳಿಸಿಲ್ಲ. ಇವತ್ತು ಮಧ್ಯಾಹ್ನ ಅಳಿಸೋದಿತ್ತು.”

“ಅಳಿಸಬೇಡಿ. ತೆಗೆದು ತೋರಿಸಿ.”

ಹಳೆಯ ಸರ್ವರಿನ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿದರೆ, ಅದರಲ್ಲಿ ಒಂದೇ ಒಂದು ನಂಬರ್ ಉಳಿದಿತ್ತು. ಅದು ಶೀತಲ ಕೋಣೆಯದು. ಅದಕ್ಕೆ ಯಾರ ಹೆಸರೂ ಇರಲಿಲ್ಲ, ವರ್ಗ ಮಾಡುವಾಗ ತಪ್ಪಿಹೋಗಿತ್ತು. ಪರೀಕ್ಷಾ ಪಟ್ಟಿಯಲ್ಲಿ ಮಾತ್ರ ಮೂವತ್ತೇಳೂ ಫೋನುಗಳ ಮುಂದೆ ಒಂದೇ ಕೈಬರಹ: ಧ್ವನಿ ಸ್ಪಷ್ಟ.

ಬರೆದವನು ಹಿರಿಯ ಟೆಕ್ನಿಷಿಯನ್. ಅವನ ವಿಚಾರಣೆ ಸರ್ವರ್ ಕೋಣೆಯಲ್ಲೇ ನಡೆಯಿತು. ಮೇಡಂ ಅವನ ಬೆನ್ನ ಹಿಂದೆ ನಿಂತು ಕೇಳಿದರು, “ಸೋಮವಾರ ಎಷ್ಟು ಗಂಟೆಗೆ ಪರೀಕ್ಷೆ ಮಾಡಿದ್ರಿ?”

ಅವನು ತನ್ನ ಪಾಡಿಗೆ ತಂತಿ ಸುತ್ತುತ್ತಲೇ ಇದ್ದ. ಎದುರು ಬಂದು ಭುಜ ಮುಟ್ಟಿದಾಗ ಅವನು ಬೆಚ್ಚಿ ನಕ್ಕ.

“ಜೋರಾಗಿ ಹೇಳಿ ಮೇಡಂ. ಈ ಸರ್ವರ್ ಫ್ಯಾನಿನ ಗದ್ದಲದಲ್ಲಿ ಏನೂ ಕೇಳ್ಸಲ್ಲ.”

ಹಳೇ ಸರ್ವರಿನ ಆ ಫ್ಯಾನುಗಳು ನಿಂತು ಐದನೆಯ ದಿನ, ಹೊಸದು ಇದ್ದದ್ದು ಬೇರೆ ಕಟ್ಟಡದಲ್ಲಿ. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಇಂಜಿನಿಯರ್ ಹುಡುಗಿ ತಲೆ ತಗ್ಗಿಸಿದಳು. ಅವನು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಅರ್ಥವಾಗಿ, ನೆಲದ ಮೇಲೇ ಕುಳಿತ.

“ಮೂವತ್ತೊಂದು ವರ್ಷ ಫೋನಿನ ಕೆಲಸ ಮೇಡಂ. ಕಿವಿ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ಹೆಂಡತಿಗೂ ಹೇಳಿಲ್ಲ. ಅವಳು ಏನಂದ್ರೂ ಹೂಂ ಅಂತೀನಿ. ಎಲ್ಲಾ ಫೋನೂ ಎತ್ತಿದೆ, ಒಂದನ್ನೂ ಬಿಟ್ಟಿಲ್ಲ. ಕಿವಿಗೂ ಇಟ್ಕೊಂಡೆ.” ತಲೆಯೆತ್ತಿ ಕೇಳಿದ, “ಆ ಹುಡುಗಿ ಬೆರಳು?”

ಸಂಜೆ 4.40ಕ್ಕೆ ಅವನ ಬಂಧನವಾಯಿತು. ದುಡ್ಡಿನಾಸೆಯಲ್ಲ, ದ್ವೇಷವಲ್ಲ, ಆಡಲಾರದ ಒಂದು ನಾಚಿಕೆ ಅವನಿಂದ ಇಷ್ಟು ಮಾಡಿಸಿತ್ತು.

ಠಾಣೆಗೆ ಬಂದ ಮೇಲೆ ಮೇಡಂ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಟೆಕ್ನಿಷಿಯನ್ನನ ಪಟ್ಟಿ, ಇನ್ನೊಂದು ಪಂಚನಾಮೆ.

“ಅವರಿಗೆ ಕಿವಿ ಇರ್ಲಿಲ್ಲ,” ಎಂದರು. “ನಿಮಗೇನು ಇರ್ಲಿಲ್ಲ ದಫೇದಾರ್ರೇ?”

ಆ ದಫೇದಾರ ನಾನೇ. ನನ್ನ ಮೂಗಿಗೆ ಕಾಫಿಯ ವಾಸನೆಯೂ ತಿಳಿಯುವುದಿಲ್ಲ. ಗುರುವಾರ ನಾನು ಆ ಶೀತಲ ಕೋಣೆಯ ಹೊಸ್ತಿಲು ದಾಟಲೇ ಇಲ್ಲ. ಬಾಗಿಲು ಮುಚ್ಚಿಕೊಂಡರೆ ಎಂಬ ಹೆದರಿಕೆ. ಪಂಚರ ಮುಂದೆ ಅದನ್ನು ಹೇಳಲಾಗಲಿಲ್ಲ. ಹೊರಗೆ ಕುರ್ಚಿ ಹಾಕಿಸಿಕೊಂಡು ಕಾಲು ಗಂಟೆಯಲ್ಲಿ ಬರೆದು ಮುಗಿಸಿದೆ. ಇದನ್ನೆಲ್ಲ ಮೇಡಂ ಮುಂದೆ ಹೇಳಿಕೆಯಾಗಿ ಬರೆದುಕೊಟ್ಟೆ. ಗಟ್ಟಿಯಾಗಿ ಓದಿ ಎಂದರು. ಓದಿದೆ.

ಬೆಂಚಿನ ಮೇಲಿದ್ದ ಕಾವಲುಗಾರ ಪೂರ್ತಿ ಕೇಳಿಸಿಕೊಂಡ. ಯಾರದೋ ಹಳೆಯ ಅಂಗಿ ತೊಟ್ಟಿದ್ದ. ಎದ್ದು ನನ್ನ ಮೇಜಿನ ಹತ್ತಿರ ಬಂದು, “ನಾನು ಮನೆಗೆ ಹೋಗ್ಬಹುದಾ ಸಾರ್?” ಎಂದ.

ಅವನು ಇನ್ನೂ ನನ್ನನ್ನು ಸಾರ್ ಎನ್ನುತ್ತಿದ್ದ. ಎದ್ದು ನಿಂತೆ, ಅಷ್ಟೇ.